ಕಾಗಿಣಾ ದಂಡೆಯ ಕಿರಾಣಿ ಅಂಗಡಿಗೆ ವಿಮೆ ಮಾಡಿಸಬೇಕೇ?

ಮಳಖೇಡದ ಕಿರಾಣಿ:
ಎಲ್ಲರಿಗೂ ಶರಣಾರ್ಥಿ. ನನ್ನ ಅಂಗಡಿಯ ಹಿಂದಿನ ಓಣಿ ದಾಟಿದರೆ ಕಾಗಿಣಾ. 2020ರ ಅಕ್ಟೋಬರ್‌ನಲ್ಲಿ ಹೊಳೆಯೇ ಓಣಿ ದಾಟಿ ಒಳಗೆ ಬಂದಿತ್ತು. ನಾಲ್ಕನೆಯ ದಿನ ಶಟರ್ ಎತ್ತಿದಾಗ ಸಕ್ಕರೆ ಚೀಲಗಳಲ್ಲಿ ಉಳಿದದ್ದು ಚೀಲ ಮಾತ್ರ. ತೊಗರಿ ಬೇಳೆ ಉಬ್ಬಿ, ಹೊಲಿಗೆ ಬಿಚ್ಚಿ ನೆಲಕ್ಕೆ ಹರಡಿತ್ತು. ಆ ಹುಳಿ ವಾಸನೆ ಫರಸಿ ಕಲ್ಲಿನ ಸಂದಿಯಿಂದ ಹೋಗಲು ಯುಗಾದಿ ಬರಬೇಕಾಯಿತು. ಉದ್ರಿ ಪುಸ್ತಕ ನೀಲಿ ಮುದ್ದೆಯಾಗಿತ್ತು. ಆ ವಾರ ಕೆಲವು ಗಿರಾಕಿಗಳ ಮುಖದಲ್ಲಿ ಕಂಡ ನೆಮ್ಮದಿಯನ್ನು ಇನ್ನೂ ಮರೆತಿಲ್ಲ.

ಈಗ ಏಜೆಂಟ್ ಒಬ್ಬ ಬೆನ್ನು ಬಿದ್ದಿದ್ದಾನೆ. ವರ್ಷಕ್ಕೆ ಎರಡು ಸಾವಿರದೊಳಗೆ ಮುಗಿಯುತ್ತದೆಯಂತೆ. ಅಪ್ಪ ಮಾತ್ರ, “ಹೊಳೆ ಪ್ರತಿವರ್ಷ ಬರುತ್ತದೆಯೇ? ಆ ದುಡ್ಡಿಗೆ ಅಟ್ಟ ಕಟ್ಟಿಸು” ಎನ್ನುತ್ತಾರೆ. ನೆರೆ ಬಂದಾಗ ಈ ವಿಮೆಯ ಹಣ ನಿಜಕ್ಕೂ ಕೈಗೆ ಬರುತ್ತದೆಯೇ?

ನಿವೃತ್ತ ಸರ್ವೇಯರ್, ಕಲಬುರಗಿ:
ಬರುತ್ತದೆ ಸಾಹುಕಾರರೇ, ಕಾಗದ ಸರಿಯಿದ್ದರೆ. ವಿಮಾ ಕಂಪನಿಗಳಿಗೆ ನಷ್ಟ ಅಳೆದು ಕೊಡುತ್ತಿದ್ದವನು ನಾನು. ನಿಮ್ಮಂಥ ಅಂಗಡಿಗೆ 2021ರ ಏಪ್ರಿಲ್‌ನಿಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪಾಲಿಸಿ ಇದೆ. ಎಲ್ಲ ಸೇರಿ 5 ಕೋಟಿ ರೂಪಾಯಿ ಮೌಲ್ಯದವರೆಗೆ. ಬೆಂಕಿಯ ಜೊತೆಗೆ ನೆರೆಯೂ ಅದರಲ್ಲೇ ಸೇರಿದೆ.

ಜನ ಸೋಲುವುದು ಬೇರೆ ಕಡೆ. ಎಂಟು ಲಕ್ಷದ ಮಾಲಿಟ್ಟು, ಪ್ರೀಮಿಯಂ ಉಳಿಸಲು ನಾಲ್ಕು ಲಕ್ಷ ಬರೆಸುತ್ತಾರೆ. ಆಮೇಲೆ ಎರಡು ಲಕ್ಷದ ಮಾಲು ಹಾಳಾದರೆ ಸಿಗುವುದು ಒಂದೇ ಲಕ್ಷ; ಅರ್ಧ ಮೌಲ್ಯಕ್ಕೆ ವಿಮೆ, ಅರ್ಧ ನಷ್ಟಕ್ಕೇ ಪರಿಹಾರ. ಗಂಜ್ ಮಾರುಕಟ್ಟೆಯಲ್ಲಿ ಮಾಲು ಖರೀದಿಸಿದ ಬಿಲ್ಲುಗಳ ಫೋಟೊ ಮೊಬೈಲಿನಲ್ಲಿರಲಿ. ಕೊಳೆತ ಚೀಲವನ್ನು ಸರ್ವೇಯರ್ ನೋಡುವ ಮೊದಲು ಎಸೆಯಬೇಡಿ. ಮೂಗು ಮುಚ್ಚಿಕೊಂಡು ನಾನು ಎಣಿಸಿದ ಚೀಲಗಳಿಗೆ ಲೆಕ್ಕವಿಲ್ಲ! ಉದ್ರಿಗೆ ಮಾತ್ರ ಈ ಪಾಲಿಸಿಯಲ್ಲಿ ಪರಿಹಾರವಿಲ್ಲ.

ಅಂದಹಾಗೆ, ಅಂಗಡಿಯ ಮೇಲೆ ಬ್ಯಾಂಕ್ ಸಾಲ ಇದೆಯೇ? ಇದ್ದರೆ ಮೊದಲು ಪಾಸ್‌ಬುಕ್ ತೆಗೆದು ನೋಡಿ.

ಭೀಮಾ ದಂಡೆಯ ರೈತ, ಅಫಜಲಪುರ:
ನಮ್ಮ ಕಡೆ ಹನಿ ಮಳೆ ಇರದಿದ್ದರೂ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಲ ಮುಳುಗುತ್ತದೆ. ತೊಗರಿಯ ಬುಡದಲ್ಲಿ ಎರಡು ದಿನ ನೀರು ನಿಂತರೆ ಬೇರು ಕೊಳೆಯಲು ಶುರು. ಸರ್ಕಾರದ ಬೆಳೆ ವಿಮೆಯಾದ ಫಸಲ್ ಬಿಮಾದಲ್ಲಿ ಮುಂಗಾರು ತೊಗರಿಗೆ ನಾವು ಕಟ್ಟುವುದು ವಿಮಾ ಮೊತ್ತದ ಶೇ 2. ಆದರೆ ಹೊಲ ಮುಳುಗಿದ 72 ಗಂಟೆಯೊಳಗೆ ತಿಳಿಸಬೇಕು. ನಾನು ನೀರು ಇಳಿಯಲಿ ಎಂದು ಐದು ದಿನ ಕಾದೆ. ಒಂದು ಪೈಸೆಯೂ ಬರಲಿಲ್ಲ.

ಮಳಖೇಡದ ಕಿರಾಣಿ:
ಸರ್, ಪಾಸ್‌ಬುಕ್ ನೋಡಿದೆ, ತಲೆ ತಿರುಗಿತು. 2018ರಲ್ಲಿ ಮುದ್ರಾ ಸಾಲ ತೆಗೆದಾಗಿನಿಂದ ಪ್ರತಿವರ್ಷ ವಿಮೆಯ ಹೆಸರಿನಲ್ಲಿ ಹಣ ಕಡಿತವಾಗಿದೆ. ಬ್ಯಾಂಕಿನವರು ಒಂದು ಮಾತು ಹೇಳಿರಲಿಲ್ಲ; ನಾನೂ ಕಣ್ಣಾಡಿಸಿರಲಿಲ್ಲ. ಮೂರು ಸಲ ಅಲೆದ ಮೇಲೆ ಪಾಲಿಸಿಯ ಪ್ರತಿ ಸಿಕ್ಕಿತು. ಅದರಲ್ಲಿ ನೆರೆ ಇದೆ, ದಾಸ್ತಾನು ಇದೆ. ವಿಳಾಸ ಮಾತ್ರ ಸೇಡಂನದು, ಆಗ ನಾವಿದ್ದ ಬಾಡಿಗೆ ಮನೆಯದು! ಹೊಳೆ ಮಳಖೇಡದ ಅಂಗಡಿಗೆ ನುಗ್ಗಿದಾಗ ನನ್ನ ವಿಮೆ ಸೇಡಂನಲ್ಲಿ ಬೆಚ್ಚಗೆ ಕುಳಿತಿತ್ತು.

ನಿವೃತ್ತ ಸರ್ವೇಯರ್, ಕಲಬುರಗಿ:
ಇಂಥದ್ದನ್ನು ಬಹಳ ಕಂಡಿದ್ದೇನೆ. ಪಾಲಿಸಿಯಲ್ಲಿ ಬರೆದ ಜಾಗದಲ್ಲಿರುವ ಮಾಲಿಗೆ ಮಾತ್ರ ವಿಮೆ. 2020ರದ್ದು ಇನ್ನು ಕೈಗೆ ಬರುವುದಿಲ್ಲ. ವಿಳಾಸ ಬದಲಿಸುವಂತೆ ಬ್ಯಾಂಕಿಗೂ ಕಂಪನಿಗೂ ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಏಜೆಂಟನಿಗೆ ಸದ್ಯಕ್ಕೆ ಚಹಾ ಕುಡಿಸಿ ಕಳಿಸಿ.

ಮಳಖೇಡದ ಕಿರಾಣಿ:
ಮೊಹರು ಬಿತ್ತು, ತಿದ್ದಿದ ಪಾಲಿಸಿಯೂ ಬಂತು. ಅಪ್ಪ ಹಟ ಬಿಡದೆ ಅಟ್ಟವನ್ನೂ ಕಟ್ಟಿಸಿದ್ದಾರೆ. ಸಕ್ಕರೆ, ಬೇಳೆ ಮೇಲಕ್ಕೆ ಹೋಗಿವೆ. ಎಲ್ಲಕ್ಕಿಂತ ಮೇಲೆ, ಸೂರಿನ ಮೊಳೆಗೆ, ಪ್ಲಾಸ್ಟಿಕ್ ಚೀಲದಲ್ಲಿ ಉದ್ರಿ ಪುಸ್ತಕ ನೇತಾಡುತ್ತಿದೆ.