ಬದಿಯಡ್ಕದಲ್ಲಿ ಲ್ಯಾವೆಂಡರ್ ಬದುಕುತ್ತದಾ?

ಬದಿಯಡ್ಕದ ತೋಟದವ: ಬೀಜದ ಪ್ಯಾಕೆಟ್ ಮೇಲೆ ‘ಜೋನ್ 5ರಿಂದ 9’ ಅಂತ ಇದೆ. ನಮ್ಮ ಕಾಸರಗೋಡು ಯಾವ ಜೋನ್ ಮಾರಾಯ್ರೆ? ಅಂಗಳದಲ್ಲಿ ಹಾಕಿದರೆ ಬರುತ್ತದಾ, ಸುಮ್ನೆ ದುಡ್ಡು ದಂಡವಾ?

ಅಕ್ಕಲಕೋಟೆಯವ: ಅದು ಅಮೆರಿಕದ ಕೃಷಿ ಇಲಾಖೆಯ ಲೆಕ್ಕ. ವರ್ಷದ ಅತಿ ಚಳಿಯ ರಾತ್ರಿ ಎಷ್ಟು ಡಿಗ್ರಿಗೆ ಇಳಿಯುತ್ತದೆ ಅನ್ನುವುದರ ಹಲವು ವರ್ಷಗಳ ಸರಾಸರಿ, ಅಷ್ಟೇ. ಮಳೆ, ಸೆಕೆ, ಮಣ್ಣು ಯಾವುದೂ ಅದರಲ್ಲಿಲ್ಲ. ಜೋನ್ 11 ಅಂದರೆ ಸುಮಾರು 4ರಿಂದ 10 ಡಿಗ್ರಿ, 12 ಅಂದರೆ 10ರಿಂದ 15, ಅದಕ್ಕೂ ಬೆಚ್ಚಗಿದ್ದರೆ 13. ನಿಮ್ಮದು ಆ ಕೊನೆಯ ತುದಿ. ನಮ್ಮ ಸೊಲ್ಲಾಪುರದ ಕಡೆ ದಾಳಿಂಬೆ ಚೆನ್ನಾಗಿ ಬರುವುದು ಒಣ ಹವೆಯಿಂದ. ಅದೇ ಗಿಡ ನಿಮ್ಮಲ್ಲಿಟ್ಟರೆ ಆಟಿ ತಿಂಗಳ ಮಳೆಗೆ ಕಾಯಿ ಕೊಳೆಯುತ್ತದೆ, ಅಲ್ವಾ?

ತಾಳವಾಡಿ ಹುಡುಗ: ಅಣ್ಣ ಹೇಳಿದ್ದು ಸರಿ. ಲ್ಯಾವೆಂಡರ್‌ಗೆ ಬೇರಲ್ಲಿ ನಿಲ್ಲುವ ನೀರೇ ಶತ್ರು, ವರ್ಷಕ್ಕೆ 3000 ಮಿ.ಮೀ. ದಾಟಿ ಸುರಿಯುವ ಊರಲ್ಲಿ ಅಂಗಳಕ್ಕಂತೂ ಬೇಡ. ಮರಳು ಜಾಸ್ತಿ ಹಾಕಿದ ಕುಂಡದಲ್ಲಿ ಬೆಳೆಸಿ. ಬಿಸಿಲು ಬೇಕು, ಮಳೆ ಬೀಳಬಾರದು.

ಬದಿಯಡ್ಕದ ತೋಟದವ: ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡು ಮಳೆಗಾಲದಲ್ಲಿ ಖಾಲಿ. ಅದರೊಳಗೆ ಇಡಬಹುದಾ?

ತಾಳವಾಡಿ ಹುಡುಗ: ಇಡಿ, ಎರಡೂ ಬದಿ ತೆರೆದಿರಲಿ. ಗಾಳಿ ಆಡದಿದ್ದರೆ ಬೂಸ್ಟು ಹಿಡಿಯುತ್ತದೆ.