ಡಬ್ಬಿ ಮಾತ್ರ ಒರಿಜಿನಲ್ ಐತ್ರಿ

"ಹಿಂಗೆ ಹೊರಳಿಸಿದ್ರೆ ಹಸಿರು. ಹಿಂಗೆ ಹೊರಳಿಸಿದ್ರೆ ನೇರಳೆ. ನೋಡ್ರಿ, ನೋಡ್ರಿ!"

ಪಾಟೀಲರು ಆಯಿಲ್ ಫಿಲ್ಟರಿನ ಡಬ್ಬಿಯನ್ನು ಬಿಸಿಲಿಗೆ ಹಿಡಿದು ಆಡಿಸುತ್ತಿದ್ದರು.

"ಏನದು?" ಎಂದರು ಕುಲಕರ್ಣಿ ಮಾಸ್ತರು.

"ಹೊಲೋಗ್ರಾಮ್ ರಿ. ಕಂಪನಿ ಮಾಲು ಅನ್ನೋದಕ್ಕೆ ಗುರುತು."

"ಚಂದ ಇದೆ" ಎಂದ ಬಸಣ್ಣ. "ಒಳಗೇನಿದೆ?"

"ಒಳಗೆ ಇನ್ನೇನಿರುತ್ತೆ? ಫಿಲ್ಟರ್."

"ನೋಡಿದ್ರೇನು?"

"ಡಬ್ಬಿ ಬಿಚ್ಚಿದ್ರೆ ಸೀಲ್ ಹೋಗುತ್ತಲ್ರಿ!"

ಬಸಣ್ಣ ಮಿರ್ಚಿಯ ತುದಿ ಕಡಿದು ಸುಮ್ನಾದ. ಗೋಕುಲ ರೋಡಿನಿಂದ ಎರಡು ತಿರುವು ಒಳಗೆ ಇರುವ ರಫೀಕನ ಗ್ಯಾರೇಜಿನ ಮುಂದೆ, ಅಂಬಾಸಿಡರ್ ಕಾರಿನಿಂದ ಕಿತ್ತಿಟ್ಟ ಹಿಂದಿನ ಸೀಟೇ ನಮ್ಮ ಸಂಜೆಯ ಕಟ್ಟೆ. ರಫೀಕ ಪಾಟೀಲರ ಕಾರಿನ ಅಡಿಯಲ್ಲಿ ಮಲಗಿದ್ದ. ಎರಡು ಕಾಲು ಮತ್ತು ಆಗಾಗ ಒಂದು ದನಿ, ಅಷ್ಟೇ ಹೊರಗೆ.

ಪಾಟೀಲರ ಮನೆಯ ಶೋಕೇಸಿನಲ್ಲಿ ಈಗ ಕಾರಿನ ಬಿಡಿಭಾಗಗಳ ಖಾಲಿ ಡಬ್ಬಿಗಳಿವೆ. ಮಗಳು ಗೆದ್ದ ಕಪ್ಪುಗಳು ಅಟ್ಟ ಸೇರಿವೆ. ಪ್ರತಿ ಡಬ್ಬಿಯ ಮುಚ್ಚಳದ ಒಳಮೈಯಲ್ಲಿ ನೀಲಿ ಬಾಲ್‌ಪೆನ್ನಿನಲ್ಲಿ ತಾರೀಖು, ಓಡಿದ ಕಿಲೋಮೀಟರು, ಕೆಳಗೊಂದು ಸಹಿ. ಮುಂದೆ ಕಾರು ಮಾರುವಾಗ ಗಿರಾಕಿಗೆ ತೋರಿಸೋಕೆ.

"ಡಬ್ಬಿಗಳನ್ನೇ ಮಾರಿಬಿಡ್ರಿ" ಎಂದು ಬಸಣ್ಣ ಹಿಂದೊಮ್ಮೆ ಸಲಹೆ ಕೊಟ್ಟಿದ್ದ. "ಕಾರು ನೀವೇ ಇಟ್ಕೊಳ್ರಿ."

ಸಂತ್ಯಾ ಮೊಬೈಲ್ ತೆಗೆದು ಡಬ್ಬಿಯ ಮೇಲಿನ ಚೌಕಾಕಾರದ ಕೋಡಿಗೆ ಹಿಡಿದ. "ಕಾಕಾ, ವೆರಿಫೈಡ್ ಅಂತ ಬಂತು. ಹಸಿರು ಟಿಕ್!"

"ನೋಡಿದ್ರಾ?" ಪಾಟೀಲರು ಎದೆ ಉಬ್ಬಿಸಿದರು.

"ಆ ಕೋಡ್ ಎಲ್ಲಿಗೆ ಕರ್ಕೊಂಡು ಹೋಗಬೇಕು ಅನ್ನೋದನ್ನ ಪ್ರಿಂಟ್ ಮಾಡಿಸಿದವನೇ ತೀರ್ಮಾನ ಮಾಡ್ತಾನೆ" ಎಂದ ಬಸಣ್ಣ. "ಅವನು ತನ್ನದೇ ಪುಟಕ್ಕೆ ಕಳಿಸಿದ್ರೆ ಅಲ್ಲೂ ಹಸಿರು ಟಿಕ್ ಬರುತ್ತೆ. ಇಲ್ಲಾಂದ್ರೆ ಒಂದು ನಿಜವಾದ ಕೋಡ್ ತಗೊಂಡು ಸಾವಿರ ಡಬ್ಬಿ ಮೇಲೆ ಅದನ್ನೇ ಒತ್ತಬಹುದು. ಸಾವಿರಕ್ಕೂ ಟಿಕ್. ಹಸಿರು ಬಣ್ಣಕ್ಕೆ ಖರ್ಚೇನೂ ಜಾಸ್ತಿ ಇಲ್ಲ, ತಮ್ಮಾ."

ಈ ವಿಷಯದಲ್ಲಿ ಬಸಣ್ಣನಿಗೆ ಎದುರು ಹೇಳೋದು ಕಷ್ಟ. ಗದಗನ್ನು ಮುದ್ರಣ ಕಾಶಿ ಅಂತ ಕರೀತಾರಲ್ಲ, ಆ ಕಾಶಿಯಲ್ಲಿ ಆಯುಷ್ಯ ಕಳೆದು ಮಗನ ಮನೆಗೆ ಹುಬ್ಬಳ್ಳಿಗೆ ಬಂದವನು. ಜೇಬಿನಲ್ಲಿ ಇಂದಿಗೂ ಭೂತಗನ್ನಡಿ. ಅದನ್ನು ತೆಗೆದು ಡಬ್ಬಿಯ ಮೂಲೆ ಮೂಲೆ ನೋಡಿದ. ಉಗುರಿನಿಂದ ಕೆರೆದ. ಮೂಸಿಯೂ ನೋಡಿದ.

"ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂತಿದೆ. ಅಂಚಿನಲ್ಲಿ ಎಲ್ಲೂ ಜಾರಿಲ್ಲ. ಬೋರ್ಡು ಗಟ್ಟಿ. 'ಜೆನ್ಯೂನ್' ಅನ್ನೋದರ ಸ್ಪೆಲಿಂಗೂ ಸರಿ ಇದೆ. ನಕಲಿಯವರು ಬಹಳ ಸಲ ಅಲ್ಲೇ ಎಡವೋದು. ಪಾಟೀಲ್ರೇ, ಡಬ್ಬಿ ನೂರಕ್ಕೆ ನೂರು ಒರಿಜಿನಲ್. ಬೇಕಾದ್ರೆ ಸಿದ್ಧಾರೂಢರ ಮಠಕ್ಕೆ ಹೋಗಿ ಪ್ರಮಾಣ ಮಾಡ್ತೀನಿ."

"ಮತ್ತೆ?"

"ಫಿಲ್ಟರಿನ ಬಗ್ಗೆ ನನ್ನ ಕೇಳಬೇಡ್ರಿ. ಫಿಲ್ಟರ್ ಮಾಡೋಕೆ ಫ್ಯಾಕ್ಟರಿ ಬೇಕು. ಡಬ್ಬಿ ಮಾಡೋಕೆ ನನ್ನಂಥವನೊಬ್ಬ ಸಾಕು."

ಮಾಸ್ತರು ಕನ್ನಡಕ ಏರಿಸಿ ಲೇಬಲ್ ಓದತೊಡಗಿದರು. "2011ರ ಪೊಟ್ಟಣದ ನಿಯಮ ಇದೆಯಲ್ರಿ. ತಯಾರಕರ ಹೆಸರು, ವಿಳಾಸ ಇರಬೇಕು. ಇದೆ. ಎಂ.ಆರ್.ಪಿ. ಇದೆ. ದೂರಿಗೆ ಫೋನ್ ನಂಬರ್, ಇದೆ. ತಯಾರಾದ ತಿಂಗಳು, ವರ್ಷ... ಅರೆ, ಮೂರು ವರ್ಷದ ಹಿಂದಿನದಲ್ಲ?"

"ಹಳೇ ಮಾಲು ಗಟ್ಟಿ ಇರುತ್ತೆ" ಎಂದರು ಪಾಟೀಲರು.

"ನಿಯಮ ಎಲ್ಲ ಪಾಲಿಸಿದ್ದಾರೆ" ಎಂದು ಮಾಸ್ತರು ತೃಪ್ತಿಯಿಂದ ಡಬ್ಬಿ ಮರಳಿಸಿದರು.

"ಪಾಲಿಸದೇ ಏನ್ರಿ? ಕಳ್ಳರಷ್ಟು ಶ್ರದ್ಧೆಯಿಂದ ನಿಯಮ ಓದೋರು ಬೇರೆ ಯಾರಿದ್ದಾರೆ?" ಎಂದ ಬಸಣ್ಣ.

ಕಾರಿನ ಅಡಿಯಿಂದ ದನಿ ಬಂತು. "ಸಾಹುಕಾರ್ರ, ಒಂದು ಮಾತು ಹೇಳ್ಲಿ? ಕಾರ್ ಕಂಪನಿಯವರು ಫಿಲ್ಟರ್ ಮಾಡೋದೇ ಇಲ್ಲ."

ಪಾಟೀಲರ ಕೈಯಲ್ಲಿದ್ದ ಗಿರ್ಮಿಟ್ ಅರ್ಧದಲ್ಲೇ ನಿಂತಿತು. "ಏನಂದಿ?"

"ಫಿಲ್ಟರು, ಪ್ಲಗ್ಗು, ಬೆಲ್ಟು, ಬಲ್ಬು, ಇವನ್ನೆಲ್ಲ ಬಹಳ ಕಡೆ ಬೇರೆ ಕಂಪನಿಗಳೇ ಮಾಡಿಕೊಡೋದು. ಕಾರಿನವರು ಅಳತೆ ಕೊಡ್ತಾರೆ, ಪರೀಕ್ಷೆ ಮಾಡ್ತಾರೆ, ತಮ್ಮ ಡಬ್ಬಿಗೆ ಹಾಕ್ತಾರೆ. ಅದು ಒಂದನೇ ಮಾಲು. ಅದನ್ನ ಮಾಡಿದ ಕಂಪನಿ ತನ್ನ ಹೆಸರಿನ ಡಬ್ಬಿಯಲ್ಲೂ ಮಾರುತ್ತೆ, ರೇಟು ಕಡಿಮೆ. ಅದು ಎರಡನೇದು. ಇನ್ಯಾರೋ ಅದರಂತೆ ಮಾಡಿ ತನ್ನ ಹೆಸರಲ್ಲಿ ಮಾರ್ತಾನೆ, ಅದು ಮೂರನೇದು. ಅದರಲ್ಲಿ ಚಲೋನೂ ಇರುತ್ತೆ, ರದ್ದಿನೂ ಇರುತ್ತೆ. ಆದರೆ ಅವನೇನು ಸುಳ್ಳು ಹೇಳ್ತಿಲ್ಲ."

"ನಾಲ್ಕನೇದು?"

"ಮೂರನೇ ಮಾಲಿಗೆ ಒಂದನೇ ಡಬ್ಬಿ ತೊಡಿಸೋದು. ಅದು ಕಳ್ಳತನ. ಹದಿನೇಳರ ಪಾನಾ ಕೊಡು, ಸಂತ್ಯಾ."

ಪಾಟೀಲರಿಗೆ ನಾಲ್ಕನೆಯದಕ್ಕಿಂತ ಎರಡನೆಯದೇ ಜಾಸ್ತಿ ನೋವು ಕೊಟ್ಟಿತು. ಇಷ್ಟು ವರ್ಷ ಒಂದೇ ಮಾಲಿಗೆ ಡಬ್ಬಿಯ ಸಲುವಾಗಿ ಹೆಚ್ಚು ಕೊಟ್ಟೆವೇನೋ ಅನ್ನೋ ಸಂಕಟ.

"ಹಂಗೂ ಪೂರ್ತಿ ಹೇಳೋಕೆ ಬರೋದಿಲ್ಲ" ಎಂದು ಕಾಲುಗಳು ಸಮಾಧಾನ ಮಾಡಿದವು. "ಒಮ್ಮೊಮ್ಮೆ ಕಾರಿನವರಿಗೆ ಅಂತ ಮಾಡೋದರ ಅಳತೆ ಬೇರೆ ಇರುತ್ತೆ. ಪಾರ್ಟ್ ನಂಬರ್ ನೋಡಬೇಕು."

"ನಂಬರ್ ನನಗೆ ಬಾಯಿಪಾಠ! ಹೋದ ಸಲ ಒಬ್ಬ ಕೊನೇ ಎರಡು ಅಂಕಿ ಬೇರೆ ಇದ್ದದ್ದು ಕೊಡೋಕೆ ಬಂದಿದ್ದ. ನಕಲಿ ಅಂತ ಮುಖಕ್ಕೆ ಹೇಳಿ ವಾಪಸ್ ಕಳಿಸಿದೆ."

"ಅದೇ ಸರಿಯಾದ್ದಿತ್ತೇನೋ, ಪಾಪ. ಕಂಪನಿಯವರು ಮಾಲಿನಲ್ಲಿ ಏನಾದ್ರೂ ತಿದ್ದಿದ್ರೆ ನಂಬರಿನ ಬಾಲ ಬದಲಾಯಿಸ್ತಾರೆ. ಹಳೇ ನಂಬರಿಗೆ ಬದಲು ಹೊಸ ನಂಬರು ಅಂತ ಅವರ ಪಟ್ಟಿಯಲ್ಲೇ ಇರುತ್ತೆ."

ಪಾಟೀಲರು ವಿಷಯ ಬದಲಿಸಿದರು. ಅವರ ಅಳಿಯನದ್ದು ಜರ್ಮನ್ ಕಾರು. ಅದಕ್ಕೆ ತರಿಸಿದ ಒಂದು ಪಾರ್ಟಿನ ಮೇಲೆ ಕಾರಿನ ಲಾಂಛನ ಇದ್ದ ಜಾಗವನ್ನು ಯಾರೋ ಯಂತ್ರದಿಂದ ಉಜ್ಜಿ ಅಳಿಸಿದ್ದರಂತೆ. ಅಳಿಯ ರಂಪ ಮಾಡಿ ಹಿಂದಿರುಗಿಸಿದ.

"ಅಯ್ಯೋ, ಬಹಳ ಮಾಡಿ ಅದು ಅಸಲಿನೇ!" ಎಂದಿತು ಕಾರಿನ ಅಡಿ. "ಆ ಪಾರ್ಟ್ ಮಾಡೋ ಕಂಪನಿ ಒಂದೇ ಅಚ್ಚಿನಲ್ಲಿ ಎಲ್ಲ ತೆಗೆಯುತ್ತೆ. ಕಾರಿನವರಿಗೆ ಕೊಡೋದರ ಮೇಲೆ ಲಾಂಛನ ಉಳಿಸುತ್ತೆ. ತನ್ನ ಡಬ್ಬಿಯಲ್ಲಿ ಮಾರೋದರ ಮೇಲೆ ಉಜ್ಜುತ್ತೆ. ಆ ಕಡೆ ಗಾಡಿಗಳಲ್ಲಿ ಇದು ಮಾಮೂಲು."

ಬಸಣ್ಣ ಟೀ ಗ್ಲಾಸು ಕೆಳಗಿಟ್ಟ. "ಭಪ್ಪರೆ! ಅಸಲಿ ಮಾಲು ಹೆಸರು ಅಳಿಸ್ಕೊಂಡು ಬರುತ್ತೆ. ನಕಲಿ ಮಾಲು ಹೆಸರು ಬರೆಸ್ಕೊಂಡು ಬರುತ್ತೆ. ಅಳಿಯ ಹೆಸರು ಓದಿ ಮಾಲು ವಾಪಸ್ ಕೊಡ್ತಾನೆ. ಏನ್ ಛಂದ ಸಂಸಾರ ನೋಡ್ರಿ!"

"ಹೆಸರಿನಲ್ಲೇನಿದೆ ಬಿಡ್ರಿ" ಎಂದು ಮಾಸ್ತರು ಬೇರೆ ದಾರಿ ಹಿಡಿದರು. "ನಮ್ಮ ಕಾಲದಲ್ಲಿ ಮೈಕೋ ಪ್ಲಗ್ ಅಂದ್ರೆ ಮೈಕೋ ಪ್ಲಗ್. 1951ರಲ್ಲಿ ಶುರುವಾದ ನಮ್ಮ ಬೆಂಗಳೂರಿನ ಕಂಪನಿ. 2008ರಲ್ಲಿ ಅದರ ಹೆಸರು ಬಾಷ್ ಅಂತಾಯ್ತು. ಲೇಬಲ್ ಹೋಯ್ತು ಅಂತ ಕಂಪನಿ ನಕಲಿ ಆಯ್ತೇನು?"

"ಅಷ್ಟು ದೂರ ಯಾಕ್ರಿ?" ಎಂದ ಬಸಣ್ಣ. "ನಮ್ಮ ಊರಿನದೇ ಇಂಗ್ಲಿಷ್ ಲೇಬಲ್ 2014ರ ನವೆಂಬರ್ 1ಕ್ಕೆ 'ಹುಬ್ಳಿ' ಹೋಗಿ 'ಹುಬ್ಬಳ್ಳಿ' ಆಯ್ತು. ಒಳಗಿನ ಮಾಲು ಅದೇ. ತಗ್ಗು, ಧೂಳು ಎಲ್ಲ ಕಂಪನಿ ಫಿಟ್ಟಿಂಗ್."

ಅಷ್ಟರಲ್ಲಿ ರಫೀಕ ಜಾರಿಕೊಂಡು ಹೊರಗೆ ಬಂದ. ಪೂರ್ತಿ ಮನುಷ್ಯನನ್ನು ಕಂಡು ನಮಗೆಲ್ಲ ಸ್ವಲ್ಪ ಆಶ್ಚರ್ಯವೇ ಆಯಿತು. "ಹಳೇ ಎಣ್ಣೆ ಪೂರಾ ಇಳೀತು. ತರ್ರಿ ಫಿಲ್ಟರ್."

ಪಾಟೀಲರು ಮಗಳ ಮದುವೆಯ ಪತ್ರಿಕೆ ಕೊಡುವವರಂತೆ ಎರಡೂ ಕೈಯಿಂದ ಡಬ್ಬಿ ಕೊಟ್ಟರು. ರಫೀಕ ಹೆಬ್ಬೆರಳಿನಿಂದ ಮುಚ್ಚಳ ಎಬ್ಬಿಸಿದ. ಫಿಲ್ಟರ್ ಹೊರತೆಗೆದು, ಅದರ ಬಾಯಿಯ ಸುತ್ತ ಇರುವ ಸಣ್ಣ ತೂತುಗಳಲ್ಲಿ ಒಂದಕ್ಕೆ ಕಡ್ಡಿ ಹಾಕಿ ಒತ್ತಿದ. ಮತ್ತೊಂದಕ್ಕೂ ಹಾಕಿದ.

"ಇದರೊಳಗೆ ಒಂದು ಮೆತ್ತನೆ ರಬ್ಬರ್ ಪದರ ಇರಬೇಕು. ಗಾಡಿ ನಿಂತಾಗ ಎಣ್ಣೆ ಇದರಿಂದ ವಾಪಸ್ ಇಳೀದಂಗೆ ತಡೆಯುತ್ತೆ. ಇದರಲ್ಲಿ ಅದೇ ಇಲ್ಲ. ದಿನಾ ಬೆಳಗ್ಗೆ ಎಣ್ಣೆ ಮೇಲೆ ಏರೋ ತನಕ ಎಂಜಿನ್ ಕಟಕಟ ಅನ್ನುತ್ತೆ."

"ಆದರೆ ಹೊಲೋಗ್ರಾಮ್..."

ರಫೀಕ ಗರಗಸ ತಂದು ಫಿಲ್ಟರನ್ನೇ ಅಡ್ಡ ಕೊಯ್ದ. ಒಳಗೆ ಕಾಗದದ ಮಡಿಕೆಗಳು ದೂರ ದೂರ ನಿಂತಿದ್ದವು, ಒಂದಕ್ಕೊಂದು ಮಾತು ಬಿಟ್ಟವರ ಹಾಗೆ. ಬಸಣ್ಣ ಒಂದು ಮಡಿಕೆ ಹರಿದು ಬೆರಳ ನಡುವೆ ತಿಕ್ಕಿದ. "ಇದಕ್ಕಿಂತ ಚಲೋ ಕಾಗದದಲ್ಲಿ ನಾವು ಜಾತ್ರೆಯ ಹ್ಯಾಂಡ್‌ಬಿಲ್ ಮಾಡ್ತಿದ್ವಿ."

ಆಗ ಸಂತ್ಯಾ ಖಾಲಿ ಡಬ್ಬಿ ಎತ್ತಿಕೊಂಡ. "ಕಾಕಾ, ಇಲ್ಲಿ ಮುಚ್ಚಳದ ಒಳಗೆ ಏನೋ ಬರೆದಿದೆ."

ನೀಲಿ ಬಾಲ್‌ಪೆನ್ನು. ತಾರೀಖು. ಕಿಲೋಮೀಟರು. ಕೆಳಗೊಂದು ಸಹಿ.

ಯಾರೂ ಮಾತಾಡಲಿಲ್ಲ. ಪಾಟೀಲರು ಮನೆಗೆ ಫೋನ್ ಹಚ್ಚಿದರು. ಸ್ಪೀಕರ್ ಹಾಕಿದ್ದು ಅವರ ಗಮನಕ್ಕೆ ಬರಲಿಲ್ಲ.

"ಹೌದ್ರಿ, ದೀಪಾವಳಿಗೆ ಶೋಕೇಸ್ ಒರೆಸುವಾಗ ಹಿಂದಿನ ಸಾಲಿನವು ರದ್ದಿಯವನಿಗೆ ಕೊಟ್ಟೆ" ಎಂದರು ವೈನಿ. "ಮುದ್ದೆ ಮಾಡಬೇಡ್ರಿ ಬಾಯಾರ, ಹಂಗೇ ಕೊಡ್ರಿ ಅಂದ. ಉಳಿದ ರದ್ದಿಗಿಂತ ಎರಡು ರೂಪಾಯಿ ಜಾಸ್ತಿನೇ ಕೊಟ್ಟ. ಯಾಕೆ, ಬೇಕಾಗಿತ್ತೇನು?"

"ಡಬ್ಬಿ ಒರಿಜಿನಲ್ ಅಂತ ನಾನು ಹೇಳಿದ್ದು ಸುಳ್ಳಾಯ್ತಾ?" ಎಂದ ಬಸಣ್ಣ. "ಲೇಬಲ್ ಹಳೇದಿತ್ತು, ಮಾಸ್ತರು ಓದಿದ್ರು. ಕೋಡ್ ನಿಜವಾದ್ದಿತ್ತು. ಎಲ್ಲ ಪಾಸ್. ಮಾಲೊಂದು ಬಿಟ್ಟು."

"ಅದಕ್ಕೇ ಹೇಳೋದು" ಎಂದ ರಫೀಕ. "ಪಾರ್ಟ್ ಹಾಕಿದ ಕೂಡಲೇ ಡಬ್ಬಿ ಹರೀಬೇಕು. ಸ್ಟಿಕ್ಕರ್ ಮೇಲೆ ಗೀಚಬೇಕು. ಖಾಲಿ ಡಬ್ಬಿಗೆ ಗಿರಾಕಿ ಬೇರೆ ಇದ್ದಾರೆ."

ಮಾಸ್ತರು ಎದ್ದೇ ನಿಂತರು. "ಬಿಡಬಾರದು! 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ, 103ನೇ ಕಲಂ. ಆರು ತಿಂಗಳಿನಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ. ಕಂಪ್ಲೇಂಟ್ ಕೊಡೋಣ ನಡೀರಿ."

"ಕೂಡ್ರಿ ಮಾಸ್ತರ" ಎಂದ ಬಸಣ್ಣ. "ಪುರಾವೆ ಅಂತ ಇರೋದು ಒಂದೇ ಡಬ್ಬಿ. ಅದರ ಮೇಲಿನ ಸಹಿ ಪಾಟೀಲರದ್ದು. ಮೊದಲು ಯಾರನ್ನ ಹಿಡೀತಾರೆ ಅಂತೀರಿ?"

ಮಾಸ್ತರು ಕೂತರು. ಸೀಟು ಕಿರ್ ಎಂದಿತು.

ರಫೀಕ ಕೈ ಒರೆಸಿಕೊಳ್ಳುತ್ತಾ ಮೆಲ್ಲಗೆ ನಕ್ಕ. ಅಪ್ಪನ ಕಾಲದಲ್ಲಿ ಡಬ್ಬಿಯೇ ಕಾಣುತ್ತಿರಲಿಲ್ಲವಂತೆ. ಅಂಗಡಿಯ ಮುದುಕ ಬೇರಿಂಗನ್ನು ಹಳೇ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದ. ಕೊಡುವ ಮೊದಲು ಕಿವಿಯ ಹತ್ತಿರ ಹಿಡಿದು ಒಮ್ಮೆ ತಿರುಗಿಸುತ್ತಿದ್ದ. ಸದ್ದು ಹಿಡಿಸದಿದ್ದರೆ ಅವನೇ ಬದಿಗಿಟ್ಟು ಬೇರೆ ತೆಗೆಯುತ್ತಿದ್ದ. ಅಪ್ಪ ಅಲ್ಲಿ ಏನೂ ಕೇಳುತ್ತಿರಲಿಲ್ಲ. ಮುದುಕ ಹೋದ ಮೇಲೆ ಅಂಗಡಿಯನ್ನು ಮಕ್ಕಳು ಮೊಬೈಲ್ ಕವರಿನ ಅಂಗಡಿ ಮಾಡಿದರು.

"ಧಾರವಾಡದಿಂದ ಒಬ್ರು ಡಾಕ್ಟ್ರು ಇನ್ನೂ ಅಂಬಾಸಿಡರ್ ತರ್ತಾರೆ. ಅದನ್ನ ಮಾಡ್ತಿದ್ದ ಉತ್ತರಪಾರಾದ ಕಾರ್ಖಾನೆ 2014ರಲ್ಲೇ ನಿಂತಿತು. ಅದಕ್ಕೆ ಜೆನ್ಯೂನ್ ಅಂತ ಯಾರನ್ನ ಕೇಳೋದು? ಗುಜರಿಯಿಂದ ತರ್ತೀನಿ, ಲೇತ್ ಮಷಿನ್ನಿನ ಮೇಲೆ ಮಾಡಿಸ್ತೀನಿ. ಹೆಚ್ಚುಕಡಿಮೆ ಎಲ್ಲ ಬದಲಾಗಿದೆ. ಡಾಕ್ಟ್ರು ಡಬ್ಬಿ ಕೇಳೋದಿಲ್ಲ, ಬಿಲ್ ಕೇಳೋದಿಲ್ಲ. ಸ್ಟೇರಿಂಗ್ ಒಂದು ಮುಟ್ಟಬೇಡ ಅಂತಾರೆ. ಅವರ ಅಪ್ಪ ಹಿಡಿದದ್ದಂತೆ. ಅದಕ್ಕೆ ಸೀಳು ಬಿದ್ದಿದೆ. ದಾರ ಸುತ್ತಿ ಕೊಟ್ಟಿದ್ದೀನಿ."

ಸ್ವಲ್ಪ ಹೊತ್ತು ಮಿರ್ಚಿಯ ಕಡೆಗೂ ಯಾರೂ ಕೈ ಚಾಚಲಿಲ್ಲ.

"ಈ ಸೀಟಿನ ಸ್ಪ್ರಿಂಗ್ ಉತ್ತರಪಾರಾದ್ದೇ" ಎಂದು ಬಸಣ್ಣ ಸರಿದು ಕೂತ. "ಚುಚ್ಚೋದರ ಮೇಲೆ ಹೇಳಬಹುದು."

ಕತ್ತಲಾಗುತ್ತಿತ್ತು. ಕಾರಿನಲ್ಲಿ ಎಣ್ಣೆಯೂ ಇಲ್ಲ, ಫಿಲ್ಟರೂ ಇಲ್ಲ. ಇವತ್ತೇ ಹೊಸದು ತರಬೇಕು.

"ಈ ಸಲ ಡಬ್ಬಿ ನೋಡಬೇಡ್ರಿ" ಎಂದು ರಫೀಕ ಕಲಿಸಿಕೊಟ್ಟ. "ಪರಿಚಯದ ಅಂಗಡಿಗೆ ಹೋಗ್ರಿ. ಪಾರ್ಟ್ ನಂಬರ್ ಹಾಕಿಸಿ ಪಕ್ಕಾ ಬಿಲ್ ತಗೊಳ್ರಿ. ನಕಲಿ ಅಂತ ಗೊತ್ತಿದ್ದು ಕೊಡೋವನು ಅಂಥ ಬಿಲ್ ಬರೆಯೋಕೆ ಹಿಂದೆ ಮುಂದೆ ನೋಡ್ತಾನೆ. ನಾಳೆ ಜಗಳ ಆದ್ರೆ ಅದೊಂದೇ ನಿಮ್ಮ ಕೈಯಲ್ಲಿರೋದು."

"ತೆರಿಗೆಯೂ ಇಳಿದಿದೆ" ಎಂದರು ಮಾಸ್ತರು. "2025ರ ಸೆಪ್ಟೆಂಬರ್ 22ರಿಂದ, ಜಿ.ಎಸ್.ಟಿ. ಶೇಕಡಾ 28 ಇದ್ದ ಬಿಡಿಭಾಗಗಳಿಗೂ ಈಗ 18. ಅದೂ ಎಂ.ಆರ್.ಪಿ. ಒಳಗೇ ಬಂತು."

ಪಾಟೀಲರು ತಲೆ ಆಡಿಸಿದರು. ಅವರ ಮುಖದಲ್ಲಿ ಹೊಸ ನಿರ್ಧಾರ ಕಾಣುತ್ತಿತ್ತು. ಅಂಗಡಿಗೆ ಫೋನ್ ಮಾಡಿದರು. ಸ್ಪೀಕರ್ ಇನ್ನೂ ಹಾಗೇ ಇತ್ತು.

"ಫಿಲ್ಟರ್ ಇದೆ ಸರ್. ಒರಿಜಿನಲ್. ಬಿಲ್ ಬೇಕೇನು?"

ಪಾಟೀಲರು ನಮ್ಮೆಲ್ಲರ ಮುಖ ನೋಡಿದರು. ಆಮೇಲೆ ಆ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದು, ಸಣ್ಣ ದನಿಯಲ್ಲಿ ಕೇಳಿದರು:

"ಇಲ್ದಿದ್ರೆ ಎಷ್ಟು?"