ಪತಿ ಒಪ್ಪದಿರುವಾಗ ಕ್ರೌರ್ಯ, ಪರಿತ್ಯಾಗದ ಆಧಾರದಲ್ಲಿ ವಿಚ್ಛೇದನ: ಅರ್ಜಿಯಲ್ಲಿ ಏನೇನು ಬರೆಸಬೇಕು?

ಪ್ರಶ್ನೆ (ಶಿವಮೊಗ್ಗದಿಂದ)

ಎಲ್ಲರಿಗೂ ನಮಸ್ಕಾರ. ನನ್ನ ಮದುವೆ 2016ರಲ್ಲಿ ದಾವಣಗೆರೆಯಲ್ಲಿ ನಡೆಯಿತು. ಪತಿಯ ಉದ್ಯೋಗದ ಕಾರಣ ಹುಬ್ಬಳ್ಳಿಯಲ್ಲಿ ಸಂಸಾರ ಹೂಡಿದೆವು. 2021ರಲ್ಲಿ ಅವರು ಹೊಡೆದದ್ದರಿಂದ ಕಿವಿಗೆ ಪೆಟ್ಟಾಗಿ ಆಸ್ಪತ್ರೆಗೆ ಹೋಗಿದ್ದೆ. ಠಾಣೆಗೂ ದೂರು ಕೊಟ್ಟಿದ್ದೆ. ಪೊಲೀಸರು ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳಿ, ಇನ್ನು ಮುಂದೆ ಕೈ ಮಾಡುವುದಿಲ್ಲವೆಂದು ಅವರಿಂದ ಮುಚ್ಚಳಿಕೆ ಬರೆಸಿಕೊಂಡು, ನನಗೊಂದು ಹಿಂಬರಹ ಕೊಟ್ಟು ಕಳುಹಿಸಿದರು. ಮಗಳು ಚಿಕ್ಕವಳಿದ್ದಳು, ಹಿರಿಯರೂ ಒತ್ತಾಯಿಸಿದರು. ಹೀಗಾಗಿ ಮತ್ತೆ ಜೊತೆಯಲ್ಲಿಯೇ ಉಳಿದೆ. ಬೈಗುಳ ಮತ್ತು ಹೊಡೆತ ನಿಲ್ಲಲಿಲ್ಲ. 2022ರ ಜೂನ್‌ನಲ್ಲಿ ಒಂದು ರಾತ್ರಿ ನನ್ನ ಬಟ್ಟೆಯ ಚೀಲವನ್ನು ಮೆಟ್ಟಿಲ ಮೇಲಿಟ್ಟು, ನನ್ನನ್ನೂ ಮಗಳನ್ನೂ ಹೊರಗೆ ನಿಲ್ಲಿಸಿ ಒಳಗಿನಿಂದ ಚಿಲಕ ಹಾಕಿಕೊಂಡರು. ಅಂದಿನಿಂದ ಶಿವಮೊಗ್ಗದ ತವರಿನಲ್ಲಿದ್ದೇನೆ.

ಪರಸ್ಪರ ಒಪ್ಪಿಗೆಯಿಂದ ಬೇರೆಯಾಗೋಣವೆಂದು ಕೇಳಿದರೆ ಅವರು ಸಿದ್ಧರಿಲ್ಲ. ಇಬ್ಬರೂ ಸಹಿ ಹಾಕದೆ ವಿಚ್ಛೇದನ ಸಿಗದು ಎಂದು ಬಂಧುಗಳು ಹೇಳುತ್ತಾರೆ. ಕಳೆದ ತಿಂಗಳು ಅವರ ವಕೀಲರಿಂದ ‘ಕಾರಣವಿಲ್ಲದೆ ಮನೆ ಬಿಟ್ಟಿದ್ದೀರಿ, ಕೂಡಲೇ ಬಂದು ಸಂಸಾರ ಮಾಡಬೇಕು’ ಎಂಬ ನೋಟಿಸ್ ಬಂದಿದೆ. ನಾನು ಇಲ್ಲಿ ವಕೀಲರೊಬ್ಬರಿಗೆ ವಕಾಲತ್ತು ಸಹಿ ಮಾಡಿ ಕೊಟ್ಟಿದ್ದೇನೆ. ಅವರು ಸಿದ್ಧಪಡಿಸಿದ ಕರಡು ಅರ್ಜಿಯಲ್ಲಿ ಕ್ರೌರ್ಯ, ಪರಿತ್ಯಾಗಗಳ ಜೊತೆಗೆ ವ್ಯಭಿಚಾರವನ್ನೂ ಸೇರಿಸಿದ್ದಾರೆ. ಪತಿಯ ಫೋನಿನಲ್ಲಿ ಒಮ್ಮೆ ಸಹೋದ್ಯೋಗಿಯೊಬ್ಬರ ಸಂದೇಶಗಳನ್ನು ಕಂಡದ್ದನ್ನು ನಾನು ಅವರಿಗೆ ಹೇಳಿದ್ದೆನಷ್ಟೆ. ಅದಕ್ಕೆ ನನ್ನ ಬಳಿ ಯಾವ ದಾಖಲೆಯೂ ಇಲ್ಲ. ‘ಇರಲಿ ಬಿಡಿ, ಅರ್ಜಿಗೆ ತೂಕ ಬರುತ್ತದೆ’ ಎನ್ನುತ್ತಾರೆ. ಸಹಿ ಹಾಕಬೇಕೇ?

ಉತ್ತರ 1 (ವಕೀಲ, ಧಾರವಾಡ)

ತಂಗಿ, ಬಂಧುಗಳ ಮಾತು ಅರ್ಧ ಸತ್ಯ. ಇಬ್ಬರ ಸಹಿಯೂ ಬೇಕಾಗುವುದು 1955ರ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಸಲ್ಲಿಸುವ ಜಂಟಿ ಅರ್ಜಿಗೆ ಮಾತ್ರ. 13(1)ನೆಯ ಕಲಮಿನಡಿ ಎದುರು ಪಕ್ಷದವರ ತಪ್ಪನ್ನು ರುಜುವಾತುಪಡಿಸಿದರೆ ಅವರ ಒಪ್ಪಿಗೆಯ ಪ್ರಶ್ನೆಯೇ ಏಳುವುದಿಲ್ಲ. ಕ್ರೌರ್ಯ ಮತ್ತು ಪರಿತ್ಯಾಗಗಳು ಮೊದಲು ನ್ಯಾಯಿಕ ಪ್ರತ್ಯೇಕತೆಗಷ್ಟೇ (ಮದುವೆ ಮುರಿಯದೆ, ನ್ಯಾಯಾಲಯದ ಆದೇಶದಂತೆ ಬೇರೆ ವಾಸಿಸುವುದಕ್ಕಷ್ಟೇ) ಆಧಾರವಾಗಿದ್ದವು. 1976ರ ತಿದ್ದುಪಡಿಯ ನಂತರ ವಿಚ್ಛೇದನಕ್ಕೂ ಆಧಾರವಾದವು. ಸಂಸಾರ ಸರಿಪಡಿಸಲಾಗದಷ್ಟು ಮುರಿದುಬಿದ್ದಿದೆ ಎಂಬುದೊಂದೇ ಕಾರಣಕ್ಕೆ ಕೌಟುಂಬಿಕ ನ್ಯಾಯಾಲಯ ವಿಚ್ಛೇದನ ಕೊಡಲಾರದು. ಆ ಅಧಿಕಾರ ಸಂವಿಧಾನದ 142ನೆಯ ವಿಧಿಯಡಿ ಸುಪ್ರೀಂ ಕೋರ್ಟಿಗಿದೆ ಎಂದು 2023ರ ಶಿಲ್ಪಾ ಶೈಲೇಶ್ ತೀರ್ಪು ಹೇಳಿದೆ. ಆದ್ದರಿಂದ ನಿಮ್ಮ ಅರ್ಜಿ ತಪ್ಪಿನ ಆಧಾರದ ಮೇಲೆಯೇ ನಿಲ್ಲಬೇಕು, ಅದು ನಿಲ್ಲುವಷ್ಟು ಸಾಮಗ್ರಿಯೂ ನಿಮ್ಮಲ್ಲಿದೆ.

ಪರಿತ್ಯಾಗಕ್ಕೆ, ಅರ್ಜಿ ಸಲ್ಲಿಸುವ ದಿನದ ಹಿಂದಿನ ಎರಡು ವರ್ಷಗಳಾದರೂ ಅದು ಎಡೆಬಿಡದೆ ನಡೆದಿರಬೇಕು. ನಿಮ್ಮ ವಿಷಯದಲ್ಲಿ ಆ ಅವಧಿ ಕಳೆದಿದೆ. ಮನೆಯಿಂದ ಹೊರಗೆ ಬಂದವರು ನೀವೆಂಬ ಮಾತ್ರಕ್ಕೆ ತಪ್ಪು ನಿಮ್ಮದಾಗುವುದಿಲ್ಲ. ಯಾರ ನಡತೆಯಿಂದಾಗಿ ಇನ್ನೊಬ್ಬರು ಹೊರಬೀಳಬೇಕಾಯಿತೋ ಅವರನ್ನೇ ಪರಿತ್ಯಾಗ ಮಾಡಿದವರೆಂದು ಕಾನೂನು ಪರಿಗಣಿಸುತ್ತದೆ. ಆದರೆ ಬೇರೆ ವಾಸದ ಜೊತೆಗೆ, ಸಂಬಂಧವನ್ನು ಶಾಶ್ವತವಾಗಿ ಕಡಿದುಕೊಳ್ಳುವ ಉದ್ದೇಶವನ್ನೂ ತೋರಿಸಬೇಕು. ಪತಿಯ ನೋಟಿಸಿನ ಗುಟ್ಟು ಇಲ್ಲಿದೆ. ‘ನಾನು ಕರೆದೆ, ಅವಳು ಬರಲಿಲ್ಲ’ ಎಂಬುದಕ್ಕೆ ಅದು ಮುಂಚಿತವಾಗಿ ಹಾಕಿಟ್ಟ ತಳಪಾಯ. ನಾಳೆ 9ನೆಯ ಕಲಮಿನಡಿ ದಾಂಪತ್ಯ ಹಕ್ಕುಗಳ ಪುನರ್‌ಸ್ಥಾಪನೆಗೆ, ಅಂದರೆ ನೀವು ಮರಳಿ ಬಂದು ಸಂಸಾರ ಮಾಡಬೇಕೆಂಬ ಆದೇಶಕ್ಕೆ, ಅವರೇ ಅರ್ಜಿ ಹಾಕಿದರೆ ಅಚ್ಚರಿಯಿಲ್ಲ. ಉತ್ತರ ಕೊಡದೆ ಸುಮ್ಮನಿರಬೇಡಿ. ಆ ರಾತ್ರಿ ಏನು ನಡೆಯಿತೆಂಬುದನ್ನು ನಾಲ್ಕು ಸಾಲಿನಲ್ಲಿ ತಿಳಿಸಿ, ಆರೋಪವನ್ನು ನಿರಾಕರಿಸಿ, ವಕೀಲರ ಮೂಲಕ ಉತ್ತರ ಹೋಗಲಿ.

ಕ್ರೌರ್ಯದ ಬಗ್ಗೆ ಎದುರು ವಕೀಲರು ಖಂಡಿತ ಎತ್ತುವ ಪ್ರಶ್ನೆಯೆಂದರೆ, 2021ರ ಘಟನೆಯ ನಂತರವೂ ನೀವು ಜೊತೆಯಲ್ಲಿದ್ದಿರಿ, ಅಂದರೆ ಕ್ಷಮಿಸಿದ್ದಿರಿ ಎಂಬುದು. 23ನೆಯ ಕಲಮಿನ ಪ್ರಕಾರ ಕ್ಷಮಿಸಿದ ಕ್ರೌರ್ಯದ ಮೇಲೆ ವಿಚ್ಛೇದನ ಸಿಗದು. ಆದರೆ ಇಂಥ ಕ್ಷಮೆ, ತಪ್ಪು ಮತ್ತೆ ನಡೆಯದು ಎಂಬ ಷರತ್ತಿಗೆ ಒಳಪಟ್ಟದ್ದು. ಅದು ಮತ್ತೆ ನಡೆದರೆ ಹಳೆಯದೂ ಜೀವ ಪಡೆಯುತ್ತದೆಂದು 1975ರ ದಾಸ್ತಾನೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಕ್ರಿಮಿನಲ್ ಮೊಕದ್ದಮೆಯಲ್ಲಿರುವಂತೆ ಸಂಶಯಾತೀತವಾಗಿ ಸಾಬೀತುಪಡಿಸುವ ಅಗತ್ಯವಿಲ್ಲ, ಸಂಭವನೀಯತೆ ಯಾವ ಕಡೆ ವಾಲುತ್ತದೆಂದು ನೋಡಿದರೆ ಸಾಕು ಎಂದದ್ದೂ ಅದೇ ತೀರ್ಪು. ಹಾಗಾಗಿ ಮುಚ್ಚಳಿಕೆಯ ನಂತರ ನಡೆದ ಘಟನೆಗಳನ್ನು ತಿಂಗಳು, ಸ್ಥಳ, ಆಗ ಎದುರಿಗಿದ್ದವರು ಇವುಗಳ ಸಹಿತ ಬರೆಸುವುದು ನಿಮ್ಮ ಅರ್ಜಿಯ ಜೀವಾಳ. ‘ಸದಾ ಹಿಂಸಿಸುತ್ತಿದ್ದರು’ ಎಂಬ ಒಂದು ಸಾಲಿಗೆ ಬೆಲೆ ಇಲ್ಲ.

ವ್ಯಭಿಚಾರದ ವಿಷಯದಲ್ಲಿ ನಿಮ್ಮ ವಕೀಲರ ಸಲಹೆಯನ್ನು ನಾನು ಒಪ್ಪುವುದಿಲ್ಲ. 2018ರಲ್ಲಿ ಅದು ಅಪರಾಧವಲ್ಲವೆಂದಾದರೂ ವಿಚ್ಛೇದನಕ್ಕೆ ಆಧಾರವಾಗಿ ಉಳಿದಿದೆ, ನಿಜ. ಆದರೆ ರುಜುವಾತಿಲ್ಲದೆ ಸಂಗಾತಿಯ ಶೀಲದ ಮೇಲೆ ಹೊರಿಸುವ ಆರೋಪವೇ ಕ್ರೌರ್ಯವಾಗುತ್ತದೆ. ಪತ್ನಿಯ ಮೇಲೆ ಪತಿ ಲಿಖಿತ ಹೇಳಿಕೆಯಲ್ಲಿ ಇಂಥ ಆರೋಪ ಮಾಡಿದ ವಿಜಯಕುಮಾರ್ ಭಾಟೆ ಪ್ರಕರಣದಲ್ಲಿ 2003ರಲ್ಲಿ ಸುಪ್ರೀಂ ಕೋರ್ಟ್ ಹಾಗೆಂದೇ ತೀರ್ಮಾನಿಸಿತು. ನೀವು ಮಾಡಿದರೂ ಅದೇ ತರ್ಕ ನಿಮ್ಮ ಮೇಲೆ ತಿರುಗಬಹುದು. ಒಂದು ಆರೋಪ ಸುಳ್ಳಾಗಿ ಕಂಡರೆ ಉಳಿದ ಸತ್ಯದ ಮೇಲೂ ನ್ಯಾಯಾಧೀಶರಿಗೆ ಅನುಮಾನ ಮೂಡುತ್ತದೆ.

ಉತ್ತರ 2 (ನಿವೃತ್ತ ಶಿರಸ್ತೇದಾರ, ಚಿತ್ರದುರ್ಗ)

ಧಾರವಾಡದ ವಕೀಲರು ಹೇಳಿದ್ದು ಸರಿಯಿದ್ದರೂ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಅರ್ಜಿಯಲ್ಲಿಲ್ಲದ ಸಂಗತಿಗೆ ಆಮೇಲೆ ಸಾಕ್ಷ್ಯ ಕೊಟ್ಟರೆ ಅದನ್ನು ಯಾರೂ ಗಣನೆಗೆ ತೆಗೆದುಕೊಳ್ಳುವುದಿಲ್ಲ. ವಿಚಾರಣೆ ಆರಂಭವಾದ ಮೇಲೆ ಅರ್ಜಿ ತಿದ್ದುಪಡಿಗೆ ಅನುಮತಿ ಸಿಗುವುದೂ ಸುಲಭವಲ್ಲ. ಆದ್ದರಿಂದ ವ್ಯಭಿಚಾರವೆಂಬ ಆಧಾರವನ್ನು ಕೈಬಿಟ್ಟರೂ, ಸಂದೇಶಗಳ ಬಗ್ಗೆ ಕೇಳಿದಾಗ ಪತಿ ಹೇಗೆ ನಡೆದುಕೊಂಡರು ಎಂಬುದು ನಿಮ್ಮ ಕಣ್ಣೆದುರು ನಡೆದದ್ದಾದರೆ ಅಷ್ಟನ್ನು, ಆ ಮಹಿಳೆಯ ಹೆಸರೆತ್ತದೆ, ಕ್ರೌರ್ಯದ ಘಟನೆಗಳ ಸಾಲಿನಲ್ಲಿ ಸೇರಿಸಬಹುದು.

ದಾವಣಗೆರೆಗೋ ಹುಬ್ಬಳ್ಳಿಗೋ ಅಲೆಯಬೇಕಾಗಿಲ್ಲ. 2003ರ ತಿದ್ದುಪಡಿಯಿಂದ, ಪತ್ನಿ ಅರ್ಜಿದಾರಳಾದರೆ ತಾನು ವಾಸವಿರುವ ಊರಿನ ನ್ಯಾಯಾಲಯದಲ್ಲಿಯೇ ಸಲ್ಲಿಸಬಹುದು. ಮುಚ್ಚಳಿಕೆ ಮತ್ತು ದೂರಿನ ದೃಢೀಕೃತ ನಕಲುಗಳಿಗಾಗಿ ಠಾಣೆಗೆ ಈಗಲೇ ಮನವಿ ಕೊಡಿ. ಆಸ್ಪತ್ರೆಯ ಹೊರರೋಗಿ ಚೀಟಿ ಮಾಸಿದ್ದರೆ ಅಲ್ಲಿನ ದಾಖಲೆ ವಿಭಾಗದಲ್ಲಿ ವಿಚಾರಿಸಿ. ಗಾಯ ಹೇಗಾಯಿತೆಂದು ನೀವು ವೈದ್ಯರಿಗೆ ಹೇಳಿದ್ದನ್ನು ಅವರು ಬರೆದುಕೊಂಡಿದ್ದರೆ ಆ ಒಂದು ಸಾಲು ಬಹಳ ಕೆಲಸಕ್ಕೆ ಬರುತ್ತದೆ.

ಉತ್ತರ 3 (ಮೈಸೂರಿನಿಂದ, ಇದೇ ದಾರಿಯಲ್ಲಿ ಬಂದವಳು)

ಅಕ್ಕಾ, ಕರಡನ್ನು ಮನೆಗೆ ತಂದು ಪ್ರತಿಯೊಂದು ಪ್ಯಾರಾವನ್ನೂ ನೀವೇ ಓದಿ. ಕೊನೆಯಲ್ಲಿ ‘ಮೇಲೆ ಹೇಳಿದ್ದೆಲ್ಲ ನನ್ನ ತಿಳಿವಳಿಕೆಗೆ ಸತ್ಯ’ ಎಂದು ಸಹಿ ಹಾಕುವವರು ನೀವೇ ಹೊರತು ವಕೀಲರಲ್ಲ. ನನ್ನ ಪಾಟೀ ಸವಾಲಿನಲ್ಲಿ ಎದುರು ವಕೀಲರು ಹೊಡೆತದ ಬಗ್ಗೆ ಹೆಚ್ಚೇನೂ ಕೇಳಲಿಲ್ಲ. ‘ಯಾವ ಕೈಯಲ್ಲಿ ಹೊಡೆದರು, ಆಗ ಅಡುಗೆಮನೆಯಲ್ಲಿದ್ದಿರೋ ನಡುಮನೆಯಲ್ಲಿದ್ದಿರೋ, ಅಂದು ಸಂಜೆ ಗಂಡನ ಜೊತೆ ಊಟ ಮಾಡಿದಿರೋ ಇಲ್ಲವೋ’ ಎಂದು ಸಣ್ಣ ಸಣ್ಣ ವಿವರಗಳನ್ನೇ ಕೆದಕಿದರು. ಅರ್ಜಿಯ ಮಾತುಗಳು ನನ್ನವೇ ಆಗಿದ್ದ ಕಡೆ ಉತ್ತರ ತಾನಾಗಿ ಬಂತು. ಅಲಂಕಾರಕ್ಕೆಂದು ಸೇರಿಸಿದ್ದ ಎರಡು ಪ್ಯಾರಾಗಳಲ್ಲಿ ಮಾತ್ರ ತಡವರಿಸಿದೆ, ಅಲ್ಲೇ ಅವರು ಬಿಗಿಹಿಡಿದರು. ತೆರೆದ ನ್ಯಾಯಾಲಯದಲ್ಲಿ ಹೇಳಲು ಸಂಕೋಚವಿದ್ದರೆ ಗೋಪ್ಯ ವಿಚಾರಣೆಗೆ ಕೇಳಿಕೊಳ್ಳಬಹುದು.

ಮೊದಲ ತಾರೀಖುಗಳೆಲ್ಲ ಆಪ್ತಸಮಾಲೋಚನೆ ಮತ್ತು ಮಧ್ಯಸ್ಥಿಕೆಯಲ್ಲಿ ಕಳೆಯುತ್ತವೆ. ರಾಜಿಗೆ ಪ್ರಯತ್ನಿಸುವುದು ನ್ಯಾಯಾಲಯದ ಕರ್ತವ್ಯವೆಂದು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯೇ ಹೇಳುವುದರಿಂದ ಇದನ್ನು ತಪ್ಪಿಸಿಕೊಳ್ಳಲಾಗದು. ಬೇಸರಪಡದೆ ಹೋಗಿ, ಜಗಳವಾಡುತ್ತಿದ್ದ ಎಷ್ಟೋ ಜನ ಅಲ್ಲಿಯೇ ಜಂಟಿ ಅರ್ಜಿಗೆ ಒಪ್ಪಿದ್ದನ್ನು ಕಂಡಿದ್ದೇನೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ವ್ಯಭಿಚಾರದ ಪ್ಯಾರಾ ತೆಗೆಸಲು ನಿರ್ಧರಿಸಿದ್ದೇನೆ. ಇನ್ನೂ ಮೂರು ಸಂದೇಹಗಳಿವೆ. ಮನೆಯಿಂದ ಹೊರಹಾಕಿದ ನಂತರ ಪತಿ ಫೋನಿನಲ್ಲಿ ‘ಮತ್ತೆ ಈ ಹೊಸ್ತಿಲು ತುಳಿಯಬೇಡ’ ಎಂದದ್ದನ್ನು ಅವರಿಗೆ ತಿಳಿಸದೆ ಧ್ವನಿಮುದ್ರಿಸಿಕೊಂಡಿದ್ದೇನೆ, ಅದನ್ನು ಬಳಸಬಹುದೇ? ವಕೀಲರು ಪ್ಯಾರಾ ತೆಗೆಯಲು ಒಪ್ಪದಿದ್ದರೆ ಅವರನ್ನು ಬದಲಿಸಿದಾಗ ನನ್ನ ಕಾಗದಪತ್ರಗಳನ್ನು ಕೊಡುತ್ತಾರೆಯೇ? ನನಗೆ ಈಗ ಆದಾಯವಿಲ್ಲ. ಖರ್ಚಿಗೆ ಏನು ಮಾಡಲಿ?

ಉತ್ತರ 4 (ವಕೀಲ, ಧಾರವಾಡ)

ಆ ಮುದ್ರಿಕೆ ಪರಿತ್ಯಾಗದ ಉದ್ದೇಶಕ್ಕೆ ನೇರ ಸಾಕ್ಷ್ಯ. ಸಂಗಾತಿಗೆ ತಿಳಿಯದಂತೆ ಮುದ್ರಿಸಿಕೊಂಡ ಸಂಭಾಷಣೆಯನ್ನೂ ವೈವಾಹಿಕ ವ್ಯಾಜ್ಯದಲ್ಲಿ ಪರಿಗಣಿಸಬಹುದೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ವಿಭೋರ್ ಗರ್ಗ್ ಪ್ರಕರಣದಲ್ಲಿ ಹೇಳಿದೆ. ಅದರ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ (ವಿದ್ಯುನ್ಮಾನ ದಾಖಲೆಯನ್ನು ದೃಢಪಡಿಸುವಂಥದ್ದು) ಬೇಕು. ಆ ಫೋನನ್ನು ಮಾರಬೇಡಿ, ಮುದ್ರಿಕೆಯನ್ನು ಕತ್ತರಿಸಲೂ ಬೇಡಿ.

ವಕೀಲರೊಡನೆ ಮೊದಲು ಮಾತನಾಡಿ, ನಿಮ್ಮ ಸೂಚನೆಯನ್ನು ಬರಹದಲ್ಲಿ ಕೊಡಿ, ಹೆಚ್ಚಿನವರು ಒಪ್ಪುತ್ತಾರೆ. ಬದಲಿಸಲೇಬೇಕಾದರೆ, ಶುಲ್ಕ ಬಾಕಿಯಿದೆ ಎಂದು ಕಕ್ಷಿದಾರರ ಕಡತವನ್ನು ತಡೆಹಿಡಿಯುವ ಹಕ್ಕು ವಕೀಲರಿಗಿಲ್ಲವೆಂದು 2000ದಲ್ಲಿಯೇ ತೀರ್ಪಾಗಿದೆ. ಬರುವ ಜೀವನಾಂಶದಲ್ಲಿ ಪಾಲು ಕೇಳುವವರಿಂದಲೂ ದೂರವಿರಿ. ಫಲಿತಾಂಶಕ್ಕೆ ಗಂಟುಹಾಕಿದ ಶುಲ್ಕವನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸುತ್ತವೆ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕು 1987ರ ಕಾಯ್ದೆಯಡಿ ಇದೆ. ಅದಕ್ಕಾಗಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು.

ವಿಚ್ಛೇದನದ ಅರ್ಜಿಯೊಡನೆಯೇ ಹಿಂದೂ ವಿವಾಹ ಕಾಯ್ದೆಯ 24ನೆಯ ಕಲಮಿನ ಮಧ್ಯಂತರ ಜೀವನಾಂಶ ಮತ್ತು ವ್ಯಾಜ್ಯದ ಖರ್ಚಿನ ಅರ್ಜಿಯನ್ನೂ ಸಲ್ಲಿಸಿ. 2020ರ ರಜನೀಶ್ ಪ್ರಕರಣದ ನಂತರ ಇಬ್ಬರೂ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರ ಸಲ್ಲಿಸಬೇಕಾಗುವುದರಿಂದ ಪತಿಯ ಸಂಬಳ ಬಚ್ಚಿಡಲು ಬರುವುದಿಲ್ಲ. ಆರು ತಿಂಗಳಲ್ಲಿ ವಿಚಾರಣೆ ಮುಗಿಸಲು ಯತ್ನಿಸಬೇಕೆಂದು ಕಾಯ್ದೆಯಲ್ಲಿದ್ದರೂ, ಎದುರು ಪಕ್ಷ ಹೋರಾಡಿದರೆ ವರ್ಷಗಳೇ ಹಿಡಿಯುತ್ತವೆ. ಆ ಅವಧಿಯಲ್ಲಿ ನಿಮ್ಮನ್ನೂ ಮಗಳನ್ನೂ ಸಾಕುವುದು ಈ ಮಧ್ಯಂತರ ಆದೇಶ. ನೋಟಿಸಿನ ಉತ್ತರವನ್ನು ಮಾತ್ರ ಇದಾವುದಕ್ಕೂ ಕಾಯಿಸದೆ ಈ ವಾರವೇ ಸ್ವೀಕೃತಿ ಬರುವಂತೆ ಅಂಚೆಯಲ್ಲಿ ಕಳುಹಿಸಿ, ಅದರ ರಸೀದಿಯನ್ನು ಅರ್ಜಿಗೆ ಲಗತ್ತಿಸಿ.